ಪ್ರಿನ್ಸಿಪಾಲರು ನಡೆಸಿದ ಗುಪ್ತ ಮತದಾನ

ರುದ್ರೇಶ್ ಸರ್ ಪ್ರಿನ್ಸಿಪಾಲರಾದ ದಿನ ಸ್ಟಾಫ್ ರೂಮಿನಲ್ಲಿ ಮೈಸೂರು ಪಾಕು ಹಂಚಿದವಳು ನಾನೇ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ದಾವಣಗೆರೆಯಿಂದ ಬಂದು ರಾಜಗೋಪಾಲನಗರದ ನಮ್ಮ ಖಾಸಗಿ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷ ರಾಜ್ಯಶಾಸ್ತ್ರ ಹೇಳಿದವರು ಅವರು. ಪಿಎಚ್.ಡಿ. ಮಾಡಿದ್ದು ಗ್ರಾಮಸಭೆಗಳ ಮೇಲೆ. ಪೀಣ್ಯದ ಕಾರ್ಮಿಕರ ಮಕ್ಕಳಿಗೆ, "ಕುರ್ಚಿ ಮೇಲೆ ಕೂತೋನನ್ನ ಪ್ರಶ್ನೆ ಕೇಳ್ಬೇಕು ಕಣ್ರೋ" ಎಂದು ಕಲಿಸಿದರು. ಕ್ಲಾಸ್ ಲೀಡರನ್ನೂ ಚೀಟಿ ಹಾಕಿಸಿಯೇ ಆರಿಸುತ್ತಿದ್ದರು. ಪಕ್ಕದ ಕೊಠಡಿಯಲ್ಲಿ ನಾನು ಕನ್ನಡ ಪಾಠ ನಿಲ್ಲಿಸಿ ಅವರ ಮಾತು ಕೇಳಿದ್ದುಂಟು.

ಕುರ್ಚಿ ಅವರಿಗೇ ಸಿಕ್ಕ ಮೇಲೆ, ಪ್ರಶ್ನೆ ಕೇಳುವವರು ಮೊದಲು ಅಟೆಂಡರ್ ಹತ್ತಿರ ಹೆಸರು ಬರೆಸಿ ಕಾಯಬೇಕಾಯಿತು.

ಈ ವರ್ಷ ಬಿ.ಎ.ಗೆ ಸೇರಿದವರು ಒಂಬತ್ತೇ ಮಂದಿ. ಆಡಳಿತ ಮಂಡಳಿಯ ಕಾರ್ಯದರ್ಶಿ ಲಕ್ಷ್ಮಣಪ್ಪನವರು ನಮ್ಮೆಲ್ಲರೆದುರೇ, "ಬಿ.ಎ. ಮುಚ್ಚಿ ಆ ರೂಮಲ್ಲಿ ಬಿಸಿಎ ಮಾಡಾಣ. ನೀವು ಬೇಡ ಅಂದ್ರೆ ಒಂದ್ವರ್ಷ ತಡೀತೀನಿ, ನಿಮ್ ಸಬ್ಜೆಕ್ಟಲ್ವಾ ಸಾರ್" ಎಂದರು. 'ಬೇಡ' ಎಂದರೆ ಸಾಕಿತ್ತು. ನಮ್ಮ ಸರ್ ಅಷ್ಟು ಅನ್ನಬೇಕಲ್ಲ! "ಒಬ್ಬನೇ ತೀರ್ಮಾನ ಮಾಡೋದು ಪ್ರಜಾಪ್ರಭುತ್ವ ಅಲ್ಲ. ಸ್ಟಾಫ್ ವೋಟ್ ಹಾಕ್ಲಿ" ಎಂದುಬಿಟ್ಟರು.

ಸೀಮೆಸುಣ್ಣದ ಡಬ್ಬಿಗೆ ತೂತು ಕೊರೆದು ಸರ್ ಸೇರಿ ಇಪ್ಪತ್ತಮೂರು ಜನ ಚೀಟಿ ಹಾಕಿದೆವು. ಸರ್ ಹಾಕಿದ್ದು ಎಲ್ಲರಿಗೂ ಕಾಣುವಂತೆ ಕೈ ಎತ್ತಿ. ಎಣಿಸಿದರೆ ಮುಚ್ಚಲು ಇಪ್ಪತ್ತೆರಡು, ಉಳಿಸಲು ಒಂದು. ಆ ಒಂದು ಚೀಟಿಯಲ್ಲಿದ್ದದ್ದು ನನ್ನ ಪೆನ್ನಿನ ಹಸಿರು ಇಂಕು. ಅಂದರೆ ಸರ್ ಹಾಕಿದ್ದೂ ಮುಚ್ಚಲೇ! ಅವರ ಮುಖ ನೋಡಿದೆ; ತಲೆ ತಗ್ಗಿಸಿ ನಡಾವಳಿ ಬರೆಯುತ್ತಿದ್ದರು.

ಮರುದಿನ ಭಾಗ್ಯಶ್ರೀ ಬಂದಳು. ಯಾದಗಿರಿಯಿಂದ ಬಂದು ಇಲ್ಲಿ ಗಾರೆ ಕೆಲಸ ಮಾಡುವ ಹಣಮಂತನ ಮಗಳು, ಆ ಒಂಬತ್ತರಲ್ಲಿ ಒಬ್ಬಳು. ದೂರದ ಕಾಲೇಜಿಗೆ ಅಪ್ಪ ಕಳಿಸುವುದಿಲ್ಲ; ಇಲ್ಲಿ ಓದದಿದ್ದರೆ ಗಾರ್ಮೆಂಟ್ಸ್ ಕೆಲಸವೇ ಗತಿ. ಪಾಪ, ಅಳುತ್ತಿದ್ದಳು. ನಾನೇ ಸರ್ ಚೇಂಬರಿಗೆ ಕರೆದುಕೊಂಡು ಹೋದೆ.

"ಬಿ.ಎ. ಹೆಂಗ ಮುಚ್ಚಿದ್ರಿ ಸರ್? ನಾ ಈಗ ಎಲ್ಲಿಗಿ ಹೋಗ್ಲಿ?"

ಸರ್ ಕನ್ನಡಕ ತೆಗೆದರು. ಕಣ್ಣುಗಳು ನಿಜವಾಗಿಯೂ ಒದ್ದೆಯಾಗಿದ್ದವು.

"ಏನ್ ಮಾಡ್ಲಮ್ಮ? ಉಳಿಸಿ ಅಂತ ಬಿದ್ದಿದ್ದು ಒಂದೇ ವೋಟು. ಅದು ನಂದು."

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಬಗ್ಗಿ ಅವರ ಕಾಲು ಮುಟ್ಟಿದಳು. ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು.

"ಹಂಗಾರ ನೀವೂ ಮುಚ್ಚು ಅಂತನೇ ಹಾಕಿದ್ರೇನ್ರಿ ಮೇಡಂ?"