ಜಿಂಕೆ ಕೊಂಬಿನ ಹಿಡಿಯ ಚೂರಿ

"ಇದರ ಹಿಡಿ ನಾನೇ ಮಾಡಿದ್ದು ಮಾಸ್ಟ್ರೇ," ಎಂದರು ನೆರೆಮನೆಯ ಸಂಕಪ್ಪಣ್ಣ. ಅವರ ಕೈಯಲ್ಲಿ ಒಂದು ಚೂರಿಯ ಫೋಟೋ ಇತ್ತು.

ಮಡಚುವ ಚೂರಿ, ಬೇಟೆಯ ಚೂರಿಗಳ ಫೋಟೋ ಕೂಡಿಸುವ ಹುಚ್ಚು ನನಗೆ. ಕಲ್ಕತ್ತೆಯ ಗೆಳೆಯನೊಬ್ಬ ಹೊಸದಾಗಿ ಕಳಿಸಿದ ಫೋಟೋಗಳನ್ನು ಜಗಲಿಯಲ್ಲಿ ಹರಡಿ ಅವರಿಗೆ ತೋರಿಸುತ್ತಿದ್ದೆ. ಜಿಂಕೆ ಕೊಂಬಿನ ಹಿಡಿಯ ಮೇಲೆ ಕೊರೆದ ಮೀನು ಸ್ಪಷ್ಟವಾಗಿ ಕಾಣುತ್ತಿತ್ತು. ನಮ್ಮ ಬಂದರಿನಿಂದ ಹೊರಟು ಬರ್ಮಾದ ರಂಗೂನಿಗೆ ಕೆಲಸಕ್ಕೆ ಹೋದ ಮಗ ವಾಸುವಿಗೆ ಅವರು ಕೊಟ್ಟ ಚೂರಿ ಅದು. ಯುದ್ಧ ಅಲ್ಲಿಗೆ ಬಂದ ಮೇಲೆ ವಾಸುವಿನ ಸುದ್ದಿಯೇ ಇರಲಿಲ್ಲ.

"ಇದು ನಿಮ್ಮ ಗೆಳೆಯರಿಗೆ ಎಲ್ಲಿ ಸಿಕ್ಕಿದ್ದಂತೆ?"

ಬರ್ಮಾದಿಂದ ನಡೆದು ಬಂದವನೊಬ್ಬ ಅದನ್ನು ನನ್ನ ಗೆಳೆಯನಿಗೆ ಮಾರಿದ್ದ. ಕಾಡುದಾರಿಯಲ್ಲಿ ಸತ್ತು ಬಿದ್ದಿದ್ದ ಒಬ್ಬ ಹುಡುಗನ ಸೊಂಟದಿಂದ ತೆಗೆದದ್ದೆಂದು ಹೇಳಿದ್ದನಂತೆ. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಇದ್ದದ್ದನ್ನು ಹೇಳಿಬಿಟ್ಟೆ.

ಸಂಕಪ್ಪಣ್ಣ ಅಳಲಿಲ್ಲ. ಫೋಟೋವನ್ನು ಪಂಚೆಯ ಅಂಚಿನಿಂದ ಒರೆಸಿ, "ಈ ಫೋಟೋ ನನಗೆ ಕೊಡ್ತೀರಾ? ಅವನದ್ದು ಒಂದು ಫೋಟೋ ಸಹ ನಮ್ಮಲ್ಲಿಲ್ಲ," ಎಂದರು.

ಈಗ ಅದಕ್ಕೆ ಕಟ್ಟು ಹಾಕಿಸಿ ಅವರ ಮನೆಯ ಗೋಡೆಗೆ ತೂಗುಹಾಕಿದ್ದಾರೆ. ವಾಸುವಿನ ತಾಯಿ ದಿನವೂ ಅದಕ್ಕೆ ಹೂ ಇಡುತ್ತಾರೆ. ಅದನ್ನು ನೋಡಲಾರದೆ ನಾನು ಆ ಮನೆಗೆ ಹೋಗುವುದನ್ನೇ ಬಿಟ್ಟಿದ್ದೇನೆ.