ಕುಂಕುಮ ಬಿದ್ದ ಗಾಜಿನ ಬಿಲ್ಲೆಗಳು

ಶಾರದಕ್ಕ, ತಪ್ಪು ಹೇಳಿದವನು ನಾನು. ತಪ್ಪೆಂದು ಗೊತ್ತಾದ ಮೇಲೂ ಮೂರು ವರ್ಷ ಬಾಯಿ ಮುಚ್ಚಿಕೊಂಡವನೂ ನಾನೇ. ನಿಮ್ಮ ಕಸೂತಿ ಕೋಣೆಯ ಬಾಗಿಲ ಮೇಲಿದ್ದ ಗಾಜಿನ ಬಿಲ್ಲೆಗಳು ದೇವರ ಜಗಲಿಗೆ ಮಾಡಿದವಲ್ಲ — ಒಳಗೆ ಬೆಳಕು ತರಲು ಮಾಡಿದವು.

ನಿಮ್ಮ ಮೈದುನ ಕಮರಿಪೇಟೆಯ ಮನೆ ರಿಪೇರಿಗೆ ತೆಗೆದಾಗ ನನ್ನನ್ನು ಕರೆಸಿದ್ದ. ಹಳೆಯ ಸಾಮಾನು ಕಂಡರೆ ‘ಸರ್‌ನ ಕೇಳ್ರಿ’ ಎನ್ನುವುದು ನಮ್ಮವರ ರೂಢಿ. ಸಾಲೆಯಲ್ಲಿ ಇತಿಹಾಸ ಹೇಳಿದವನಿಗೆ ಗಾಜು, ಗಡಿಯಾರ, ಗಂಟೆ ಎಲ್ಲವೂ ತಿಳಿದಿರುತ್ತದಂತೆ! ‘ಗೊತ್ತಿಲ್ಲ’ ಎಂಬ ಮಾತು ನನ್ನ ನಾಲಿಗೆಗೂ ಬರಲಿಲ್ಲ. ಬಿಲ್ಲೆಯ ಮುಂದೆ ಕಮಲದ ಹೂವಿತ್ತು, ಅಷ್ಟು ಸಾಕಾಯಿತು. ಹಿಂದೆ ಬೆರಳಾಡಿಸಿದ್ದರೆ ಗರಗಸದ ಹಲ್ಲಿನಂಥ ಸಾಲುಸಾಲು ಏಣುಗಳು ಸಿಗುತ್ತಿದ್ದವು. ಪಂಡಿತರು ತಿರುಗಿಸಿ ನೋಡುತ್ತಾರೆಯೇ?

“ಇವು ಜಗಲಿ ಬಿಲ್ಲೆ. ಯಾವನೋ ತಿಳಿಗೇಡಿ ಬಾಗಿಲ ಮ್ಯಾಲ ಕೂಡ್ರಿಸ್ಯಾನ” ಎಂದೆ.

ನೀವು ಸೂಜಿ ಹಿಡಿದೇ ಎದ್ದು ಬಂದಿರಿ. “ಹಂಗಲ್ರಿ ಸರ್, ಬೆಳಕಿಗೆ ಹಾಕ್ಯಾರ. ಇವು ಅದಾವಂತ ನನಗ ಎಳಿ ಕಾಣ್ತಾವ.”

“ಸೂಜಿ ಹಿಡಿಯಾವ್ರಿಗೆ ಇದೆಲ್ಲಾ ತಿಳಿಯಂಗಿಲ್ರಿ” ಎಂದು ನಕ್ಕೆ. ನಿಮ್ಮ ಮೈದುನನೂ ನಕ್ಕ. ಆ ನಗು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಬಿಲ್ಲೆಗಳನ್ನು ಕಿತ್ತು ಜಗಲಿಗೆ ಸಿಮೆಂಟಿನಲ್ಲಿ ಕೂಡಿಸಿದರು, ಅರಿಷಿಣ ಕುಂಕುಮ ಹಚ್ಚಿದರು. ನಿಮ್ಮ ಬಾಗಿಲ ಮೇಲಿನ ಜಾಗಕ್ಕೆ ಇಟ್ಟಿಗೆ ಬಿತ್ತು. ಮೂಲೆ ಮುರಿದ ಒಂದು ಬಿಲ್ಲೆಯನ್ನು ನನಗೆ ಕಾಣಿಕೆಯಾಗಿ ಕೊಟ್ಟರು. ಬೈರಿದೇವರಕೊಪ್ಪದ ನನ್ನ ಮನೆಯ ಕಿಟಕಿಯಲ್ಲಿ, ಬಂದವರು ನೋಡಲೆಂದು, ಅದನ್ನಿಟ್ಟೆ. ಮರುದಿನ ಬಿಸಿಲು ಏರಿದಾಗ ಬೆಳಕು ಆ ಏಣುಗಳಲ್ಲಿ ಬಾಗಿ, ಕೋಣೆ ದಾಟಿ, ಒಳಗೋಡೆಯ ಕಪಾಟಿನ ಮೇಲೆ ಬಿತ್ತು. ಒಂದೇ ನಿಮಿಷದಲ್ಲಿ ಎಲ್ಲ ತಿಳಿಯಿತು. ಕರಿ ಚಂದ್ರಕಾಳಿ ಸೀರೆಯ ಮೇಲೆ, ಒಂದು ಗುರುತೂ ಹಾಕಿಕೊಳ್ಳದೆ, ಎಳೆ ಎಣಿಸಿ ಗೋಪುರದ ಕಸೂತಿ ತೆಗೆಯುವ ನಿಮಗೆ ಆ ಬೆಳಕು ಏನಾಗಿತ್ತೆಂದೂ ತಿಳಿಯಿತು.

ಹೇಳಲಿಲ್ಲ. ಕುಂಕುಮ ಬಿದ್ದದ್ದನ್ನು ಕೀಳುವುದುಂಟೇ ಎಂದುಕೊಂಡೆ — ಎಂಥ ಭಕ್ತಿ ನೋಡಿ! ಹೆದರಿದ್ದು ದೇವರಿಗಲ್ಲ. ಸರ್ ತಪ್ಪು, ಶಾರದಕ್ಕ ಸರಿ ಎಂದು ಓಣಿ ಆಡಿಕೊಂಡೀತೆಂದು.

ಕಳೆದ ತಿಂಗಳು ಕಾಯಿಪಲ್ಲೆ ಸಂತೆಯಲ್ಲಿ ಸಿಕ್ಕಿರಿ. “ಕಸೂತಿ ಬಿಟ್ಟೆನ್ರಿ ಸರ್. ಟ್ಯೂಬ್‌ಲೈಟಿನ್ಯಾಗ ಎಳಿ ತಪ್ಪತಾವ. ಸೀರಿ ತಿರುಗಿ ಬಂದ್ವು. ನನ್ನ ಕಣ್ಣಽ ಹೋದ್ವು ಅನಸ್ತದ” ಎಂದಿರಿ. ಆಗಲಾದರೂ — ಇಲ್ಲ. ಮೆಂತ್ಯದ ಕಟ್ಟು ಹಿಡಿದು ನಿಂತು ನಾನು ಹೇಳಿದ್ದು ಇಷ್ಟೇ: “ವಯಸ್ಸಾತಲ್ರಿ ಶಾರದಕ್ಕ.”

ಆ ಮಾತಿಗೆ ಕ್ಷಮೆ ಕೇಳುವ ಮುಖ ನನಗಿಲ್ಲ. ಸೋಮವಾರ ಪೂಜೆಗೆ ಮನೆಯವರೆಲ್ಲ ಜಗಲಿಯ ಮುಂದೆ ಕೂಡುತ್ತೀರಿ, ಅಂದು ಬರುತ್ತೇನೆ. ಬಿಲ್ಲೆಗಳನ್ನು ಕಿತ್ತು ನಿಮ್ಮ ಬಾಗಿಲ ಮೇಲೆ ಮರಳಿ ಕೂಡಿಸಲು ಯಾರಿಗಾದರೂ ಭಯವಾದರೆ ಉಳಿ ನಾನು ಹಿಡಿಯುತ್ತೇನೆ. ಬಿಟ್ಟ ಕೆಲಸ ನಿಮ್ಮ ಕೈಗೆ ಮರಳುತ್ತದೋ ಇಲ್ಲವೋ, ಅದು ನನಗೆ ತಿಳಿಯದು. ಆದರೆ ನಿಮ್ಮ ಮೈದುನನ ಎದುರಿಗೇ ಹೇಳುತ್ತೇನೆ: ಅಂದು ಶಾರದಕ್ಕ ಹೇಳಿದ್ದೇ ಖರೇ, ಆಕೆಯ ಕಣ್ಣಿಗೆ ಏನೂ ಆಗಿಲ್ಲ.