ಫ್ರಿಜ್ಜಿನೊಳಗಿನ ಹಲ್ಲಿ

"ತಣ್ಣಗಾದದ್ದೆಲ್ಲ ಸತ್ತದ್ದಲ್ಲ." ಎಲ್ಲಿ ಓದಿದ ಸಾಲೋ, ಸರಿಯಾಗಿ ನೆನಪಿಲ್ಲ. ಅದು ನಿಜವೇ?

ಇವತ್ತು ಫ್ರಿಜ್ ಒರೆಸುವಾಗ ಹಿಂದೂಪುರದ ಮನೆಯೂ ಮಗಳ ಬಾಲ್ಯವೂ ನೆನಪಾದವು. ಅಂದು ತರಕಾರಿ ಟ್ರೇನಲ್ಲಿ ಹಲ್ಲಿಯೊಂದು ಸೆಟೆದು ಬಿದ್ದಿತ್ತು. ಕಲ್ಯಾಣದುರ್ಗದಿಂದ ಬಂದಿದ್ದ ಅತ್ತೆ, ಐಸಿಗೆಂದು ಸದಾ ಫ್ರಿಜ್ ತೆರೆಯುತ್ತಿದ್ದ ನನ್ನ ಐದು ವರ್ಷದ ಮಗಳನ್ನು ದಿಟ್ಟಿಸಿದರು.

"ನೀನೇ ಅಲ್ವೇನೇ ಸಾಯ್ಸಿದ್ದು? ಪಾಪ ಬತ್ತದೆ. ನಿಜಂ ಚೆಪ್ಪು, ನಿಜ ಹೇಳು."

"ನಾನಲ್ಲ ಅಜ್ಜಿ."

ನಾನೂ ನಂಬಲಿಲ್ಲ. ಹಲ್ಲಿ ಮುಟ್ಟಿದ ವಾಸನೆ ಇದೆಯೇ ಎಂದು ಅವಳ ಅಂಗೈ ಹಿಡಿದು ಮೂಸಿದೆ.

ಹಲ್ಲಿಯನ್ನು ಕಾಗದದಲ್ಲೆತ್ತಿ ಹೊಸ್ತಿಲಾಚೆ ಬಿಸಿಲಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಬಾಲ ಅಲುಗಿತು. ಆಮೇಲೆ ಅದು ಗೋಡೆ ಹತ್ತಿ ಓಡಿತು. ಮಗಳು ನನ್ನ ಕಡೆ ನೋಡಲೇ ಇಲ್ಲ.

ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಿದ್ದ ಪಕ್ಕದ ಮನೆಯ ನಾಗಮ್ಮ ಬಾಗಿಲಲ್ಲೇ ನಿಂತು ಎಲ್ಲ ನೋಡಿ ಅಂದಳು: "ಅದು ಚಳೀಗೆ ಮರಗಟ್ಟಿತ್ತು ಕಣಮ್ಮ, ಬಿಸಿಲಿಗೆ ಎದ್ದೋಯ್ತು. ಮರಗಟ್ಟಿರೋ ಈ ಮಗೀಗೆ ಏನ್ ಮಾಡ್ತೀಯ?"